ಹನ್ನೊಂದನೇ ಡಬ್ಬಿ

ಕಂಪನಿಯವರು ಕಳಿಸುವ ಮೇಕಪ್ ಡಬ್ಬಿಗಳು ಎಂಟೇ. ಒಂದನೆಯದು ಹಾಲಿನ ಕೆನೆಯ ಬಣ್ಣ, ಎಂಟನೆಯದು ಹಳೆಯ ಕಂದು ಲಕೋಟೆಯ ಬಣ್ಣ. ಅಲ್ಲಿಗೆ ಮನುಷ್ಯರ ಬಣ್ಣ ಮುಗಿಯಿತು ಅಂತ ಕಂಪನಿಯವರ ತಿಳುವಳಿಕೆ. ಒಂಬತ್ತು, ಹತ್ತು, ಹನ್ನೊಂದನ್ನು ಬಣ್ಣದಕ್ಕ ತನ್ನ ಅಡುಗೆಮನೆಯಲ್ಲಿ ಹಿಡಿ ಮುರಿದ ಪಾತ್ರೆಯೊಂದರಲ್ಲಿ ತಾನೇ ಕಲಸುತ್ತಿದ್ದಳು, ಇಪ್ಪತ್ತಾರು ವರ್ಷದಿಂದ. ಹನ್ನೊಂದರ ಹದ ನೋಡುವುದು ತನ್ನ ಮಣಿಕಟ್ಟಿನ ಮೇಲೆ. ಎಲ್ಲಿ ಹಚ್ಚಿದೆನೆಂದು ತನಗೇ ಕಾಣದೆ ಹೋದರೆ ಸರಿಯಾಗಿದೆ ಎಂದರ್ಥ.

ಅವಳ ತಾತ ದೋಣಿಯಲ್ಲಿ ಬಂದು ಈ ಊರಿನ ಸೇತುವೆಗೆ ಕಬ್ಬಿಣ ಹೊತ್ತವನು. ಮೂರು ತಲೆಮಾರು ಕಳೆದರೂ ಊರಿಗೆ ಅವರು 'ಆಚೆ ದಡದವರು'. ನಿಮ್ಮೂರು ಯಾವುದು ಎಂದು ಕೇಳುತ್ತಾರೆ, ಇದೇ ಊರು ಅಂದರೆ, "ಅದಲ್ಲ, ನಿಜವಾದ ಊರು?" ಎಂದು ಮತ್ತೆ ಕೇಳುತ್ತಾರೆ. ಬಣ್ಣದಕ್ಕ ಇಪ್ಪತ್ತರ ಹುಡುಗಿಯಾಗಿದ್ದಾಗ ಒಂದು ಸಿನಿಮಾದ ಗುಂಪಿನಲ್ಲಿ ನಿಲ್ಲಲು ಹೋಗಿದ್ದಳು. ಮೇಕಪ್ಪಿನವನು ಸಾಲಾಗಿ ನಿಂತ ಮೂವತ್ತು ಜನಕ್ಕೂ ಒಂದೇ ಡಬ್ಬಿಯಿಂದ ಬಳಿದುಬಿಟ್ಟಿದ್ದ. ತೆರೆಯ ಮೇಲೆ ಇವಳ ಮುಖ ಬೂದಿ ಬಳಿದ ಹಾಗೆ, ನಾಲ್ಕು ದಿನದ ಜ್ವರದಿಂದ ಎದ್ದು ಬಂದ ಹಾಗೆ ಕಂಡಿತು. ಪಕ್ಕದಲ್ಲಿ ಕೂತಿದ್ದ ತಂಗಿ ಕೊನೆಯವರೆಗೂ, "ಅಕ್ಕ, ನೀನು ಯಾವಾಗ ಬರ್ತೀಯಾ?" ಎಂದು ಕೇಳುತ್ತಲೇ ಇದ್ದಳು. ಅಕ್ಕನನ್ನು ತಂಗಿಯೇ ಗುರುತಿಸಲಿಲ್ಲ. ಆ ಅವಮಾನಕ್ಕೇ ಬಣ್ಣದಕ್ಕ ಈ ಕಸುಬಿಗೆ ಬಂದದ್ದು.

ಆ ತಂಗಿಯ ಮಗಳೇ ಈಗ ನಾಯಕಿ. ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿ ನುಂಗಿ ಮನೆಯವರ ಜೀವ ಬಾಯಿಗೆ ತಂದವಳು, ಅಂದಿನಿಂದ ಮನೆಯಲ್ಲಿ ಗುಂಡಿ ಅಂತಲೇ ಹೆಸರು. ಊರಲ್ಲಿ ಓದು ಬಂದವರೆಲ್ಲ ಓದಿದ ಒಂದು ಕಾದಂಬರಿ ಇದೆ, ಗಡಿಯಾರ ರಿಪೇರಿಯವನ ಮಗಳ ಕಥೆ, ಶಾಲೆಯಲ್ಲೂ ಪಾಠಕ್ಕಿತ್ತು. ಅದನ್ನು ಎಂಟು ಕಂತುಗಳ ಧಾರಾವಾಹಿ ಮಾಡುತ್ತೇವೆಂದು ಹೊರಟಾಗ ನಿರ್ದೇಶಕಿ ಮುನ್ನೂರು ಹುಡುಗಿಯರನ್ನು ನೋಡಿ ಗುಂಡಿಯನ್ನು ಆರಿಸಿದಳು. ಬಣ್ಣದಕ್ಕ ಒಂದು ಮಾತೂ ಆಡಿರಲಿಲ್ಲ. ಆಡಿದ್ದಾಳೆಂದು ಯಾರೂ ಅನ್ನಬಾರದೆಂದು ಸಂಬಂಧವನ್ನೇ ಮುಚ್ಚಿಟ್ಟಿದ್ದರು. ಸೆಟ್ಟಿನಲ್ಲಿ ಹುಡುಗಿ ಎಲ್ಲರಂತೆ ಬಣ್ಣದಕ್ಕ, ನೀವು ಎನ್ನುತ್ತಿದ್ದಳು. ಮೇಕಪ್ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ದೊಡ್ಡಮ್ಮ, ನೀನು. ಮೊದಲ ದಿನ ತಂಗಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಕ್ಕ, ಅವಳನ್ನ ನಿನ್ನ ಮಡಿಲಿಗೆ ಹಾಕಿದೀನಿ."

ಮೊದಲ ಫೋಟೋ ಹೊರಗೆ ಬಿದ್ದದ್ದೇ ತಡ, ಊರೆಲ್ಲ ಹೊತ್ತಿ ಉರಿಯಿತು. ನಮ್ಮ ಗಡಿಯಾರದ ಹುಡುಗಿ ಹೀಗಿರಲಿಲ್ಲ ಎಂದರು. ನಮ್ಮ ಬಾಲ್ಯವನ್ನೇ ಹಾಳು ಮಾಡಿದಿರಿ ಎಂದರು. ತಾವು ಆ ಪುಸ್ತಕವನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿ ಮಡಚಿಟ್ಟವರೂ ಬೀದಿಗಿಳಿದವರಂತೆ ಕೂಗಾಡಿದರು. ಬಣ್ಣದಕ್ಕ ಹಟ ಹಿಡಿದು ನಾನೂರು ಪುಟವನ್ನೂ ಮತ್ತೆ ಓದಿದಳು. ಹುಡುಗಿಯ ಬೆರಳು ಸಪೂರ ಎಂದಿದೆ, ಅವಳಿಗೆ ಮೂಗಿನ ತುದಿಯಲ್ಲಿ ಕೋಪ ಎಂದಿದೆ. ಮೂಗಿನ ಬಣ್ಣ ಯಾವುದೆಂದು ಎಲ್ಲೂ ಇಲ್ಲ. ಬೆಳ್ಳಗಿದ್ದದ್ದು ಶಾಲೆಯ ಪ್ರತಿಯ ರಕ್ಷಾಪುಟದ ಚಿತ್ರ ಮಾತ್ರ. ಆ ಚಿತ್ರ ಬರೆದವನು ಪುಸ್ತಕ ಓದಿದ್ದನೋ ಇಲ್ಲವೋ ದೇವರಿಗೇ ಗೊತ್ತು.

ಗುಂಡಿ ಫೋನು ನೋಡುವುದನ್ನು ಬಿಟ್ಟಳು. ಊಟ ಅರ್ಧಕ್ಕೆ ಇಳಿಯಿತು. "ಓದಿ ನೋಡಿದ್ದೆಲ್ಲ ಮುಖಕ್ಕೇ ಅಂಟ್ಕೊಂಡ ಹಾಗಿದೆ ದೊಡ್ಡಮ್ಮ, ತೊಳೆದ್ರೂ ಹೋಗ್ತಿಲ್ಲ," ಎಂದಳು ಒಂದು ದಿನ, ನಗುವ ಹಾಗೆ ಮಾಡಿ.

ಅದೇ ವಾರ ನಿರ್ಮಾಪಕ ಬಣ್ಣದಕ್ಕನನ್ನು ಕರೆಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

"ಹುಡುಗಿ ನಂಗೂ ಇಷ್ಟ ಬಣ್ಣದಕ್ಕ. ಆದ್ರೆ ಮೇಲಿನವರು ಇನ್ನೊಬ್ಬಳನ್ನ ರೆಡಿ ಇಟ್ಟಿದಾರೆ. ಇವಳನ್ನ ಉಳಿಸೋದು ನಿಮ್ಮ ಕೈಲಿದೆ."

"ನನ್ನ ಕೈಲಿ ಏನಿದೆ ಸಾರ್?"

"ಬ್ರಷ್ ಇದೆಯಲ್ಲ. ಮೊದಲನೇ ಕಂತು ಹೀಗೇ ಇರಲಿ, ಜನ ಫೋಟೋ ನೋಡಿಬಿಟ್ಟಿದಾರೆ. ಅಲ್ಲಿಂದಾಚೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬನ್ನಿ. ಎಂಟನೇ ಕಂತಿಗೆ ಏಳನೇ ನಂಬರಿಗೆ ಬಂದರೆ ಸಾಕು. ಜನ ತಾವೇ ಅವಳಿಗೆ ಒಗ್ಗಿಕೊಂಡ್ವಿ ಅಂದ್ಕೋತಾರೆ, ಎಷ್ಟು ದೊಡ್ಡ ಮನಸ್ಸು ನಮ್ಮದು ಅಂತ. ನಾವೂ ಬಣ್ಣ ನೋಡದೋರು ಅನ್ನಿಸ್ಕೋತೀವಿ. ನಿರ್ದೇಶಕಿಗೆ ನಾನು ಹೇಳ್ಕೋತೀನಿ. ಹುಡುಗಿಗೆ ಗೊತ್ತಾಗೋದು ಬೇಡ, ನೊಂದ್ಕೋತಾಳೆ."

ಆ ಕಡೆ ಪುಣ್ಯ, ಈ ಕಡೆ ಕೀರ್ತಿ, ಎರಡನ್ನೂ ಒಂದೇ ಕೈಯಲ್ಲಿ ಬಾಚುವ ಇವನ ಉಪಾಯಕ್ಕೆ ಬಣ್ಣದಕ್ಕನ ಮೈ ಉರಿಯಿತು. ಆಗುವುದಿಲ್ಲ ಎಂದು ಎದ್ದು ಬರಬೇಕಿತ್ತು. ಬಂದಿದ್ದರೆ ಮರುದಿನವೇ ಗುಂಡಿ ಮನೆಗೆ ಹೋಗುತ್ತಿದ್ದಳು, ಅವಳ ಅಮ್ಮ ಕೇರಿಗೆಲ್ಲ ಹೇಳಿಕೊಂಡದ್ದು ನಗೆಪಾಟಲಾಗುತ್ತಿತ್ತು, ಆಚೆ ದಡದವರ ಇನ್ನೊಂದು ಹುಡುಗಿಗೆ ಇನ್ನು ಇಪ್ಪತ್ತು ವರ್ಷ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಅವಳು, "ನೋಡ್ತೀನಿ ಸಾರ್," ಎಂದಳು. ನೋಡ್ತೀನಿ ಅಂದರೆ ಮಾಡ್ತೀನಿ ಅಂತಲೇ ಅರ್ಥ, ಅದು ಇಬ್ಬರಿಗೂ ಗೊತ್ತಿತ್ತು.

ಕಣ್ಣಿಗೆ ಮಣ್ಣೆರಚುವುದು ಸುಲಭವಾಯಿತು, ಅದೇ ಅವಳನ್ನು ಹೆಚ್ಚು ಹೆದರಿಸಿದ್ದು. ಕನ್ನಡಿಯ ಸುತ್ತಲಿನ ಬಿಳಿ ಬಲ್ಬುಗಳನ್ನು ತೆಗೆದು ಹಳದಿ ಹಾಕಿದಳು. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಅಂಗಡಿಯ ದೃಶ್ಯಗಳೆಲ್ಲ ಒಟ್ಟಿಗೆ, ಮನೆಯ ದೃಶ್ಯಗಳೆಲ್ಲ ಒಟ್ಟಿಗೆ. ಹಾಗಾಗಿ ಸೋಮವಾರ ಏಳನೇ ಕಂತಿಗೆಂದು ಎಂಟರ ಡಬ್ಬಿ, ಮಂಗಳವಾರ ಎರಡನೇ ಕಂತಿಗೆಂದು ಹತ್ತೂವರೆ, ಬುಧವಾರ ಮತ್ತೆ ಒಂಬತ್ತು. ಹೀಗೆ ಏರುಪೇರಾದ ಬಣ್ಣದಲ್ಲಿ ಗುಂಡಿಗೆ ತಲೆಬುಡ ತಿಳಿಯಲಿಲ್ಲ.

"ದೊಡ್ಡಮ್ಮ, ಇವತ್ಯಾಕೋ ನಾನು ಚೆನ್ನಾಗಿ ಕಾಣ್ತಿದೀನಿ ಅಲ್ವಾ?" ಎಂದಳು ಒಂದು ಸೋಮವಾರ.

ಬಣ್ಣದಕ್ಕನ ಬ್ರಷ್ ಅವಳ ಕಿವಿಯ ಹತ್ತಿರ ನಿಂತಿತು. "ನಿದ್ದೆ ಕಣೇ," ಎಂದಳು. "ನಿನ್ನೆ ಚೆನ್ನಾಗಿ ಮಲಗಿದೀಯ."

"ಹಾಗಾದ್ರೆ ದಿನಾ ಬೇಗ ಮಲಗ್ತೀನಿ."

ಹೇಳಿದ ಹಾಗೇ ಮಲಗಿದಳು ಪಾಪ. ಮರುದಿನ ಹತ್ತೂವರೆಯ ಬಣ್ಣದಲ್ಲಿ ಕನ್ನಡಿ ನೋಡಿಕೊಂಡು ಸಪ್ಪಗಾದಳು. ಬಣ್ಣದಕ್ಕ ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಹೇಳಿಬಿಡಲೇ ಎಂದು ಹತ್ತು ಸಲ ಬಾಯಿ ತೆರೆದಳು, ಹತ್ತು ಸಲವೂ ಆ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ಬಡಿದರು. ಯಾರೂ ಬಡಿಯದ ದಿನ ಅವಳೇ ಬೇರೆ ಮಾತು ತೆಗೆದಳು. ಕೊನೆಯ ದಿನದ ಮೇಲೆ ಎಲ್ಲ ಆಸೆ ಇಟ್ಟಳು. ಕಥೆಯ ಮೊದಲನೇ ದೃಶ್ಯ, ಹುಡುಗಿ ಸತ್ತ ಅಪ್ಪನ ಅಂಗಡಿಯ ಬೀಗ ತೆಗೆಯುವುದು, ಬೀದಿಯ ಸೆಟ್ಟು ತಡವಾಗಿ ಕೊನೆಯ ದಿನಕ್ಕೆ ಬಿದ್ದಿತ್ತು. ಅದು ಹನ್ನೊಂದರ ದೃಶ್ಯ. ಅವತ್ತು ಹುಡುಗಿಯ ಸ್ವಂತ ಮುಖ ಹುಡುಗಿಗೆ ಹಾಕಿ, ಬಿಳಿ ಬಲ್ಬು ಹಚ್ಚಿ, ಎಲ್ಲವನ್ನೂ ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಅಂದುಕೊಂಡಿದ್ದಳು.

ಅವಳು ಮರೆತದ್ದು ತನ್ನದೇ ಫೈಲನ್ನು.

ಮೇಕಪ್ಪಿನವರಿಗೆ ಒಂದು ಫೈಲು ಇರುತ್ತದೆ. ಪ್ರತಿ ದೃಶ್ಯಕ್ಕೂ ಒಂದು ಹಾಳೆ, ಮುಖದ ಒಂದು ಫೋಟೋ, ಕಿವಿ ಕುತ್ತಿಗೆಯ ಒಂದು ಫೋಟೋ, ಕೆಳಗೆ ಡಬ್ಬಿಯ ನಂಬರು, ಹಚ್ಚಿದವರ ಹೆಸರು. ಚಿತ್ರೀಕರಣ ಯಾವತ್ತೇ ಆಗಲಿ, ಹಾಳೆಗಳನ್ನು ಜೋಡಿಸುವುದು ಕಥೆಯ ಕ್ರಮದಲ್ಲಿ. ಇಲ್ಲದಿದ್ದರೆ ಬಾಗಿಲ ಹೊರಗೆ ಒಂದು ಮುಖ, ಒಳಗೆ ಇನ್ನೊಂದು ಮುಖವಾದೀತು. ಬಣ್ಣದಕ್ಕನ ಫೈಲು ಅಂದರೆ ಇಡೀ ಸ್ಟುಡಿಯೋದಲ್ಲಿ ಹೆಸರುವಾಸಿ, ಬೇರೆಯವರು ಬಂದು ನೋಡಿ ಕಲಿಯುತ್ತಿದ್ದರು. ಮೋಸವನ್ನೂ ಅವಳು ಅಷ್ಟೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು. ಸುಳ್ಳು ನಂಬರು ಬರೆಯಬಹುದಿತ್ತು, ಹಾಳೆಗಳನ್ನು ಬೀಗ ಹಾಕಿ ಇಡಬಹುದಿತ್ತು. ಅಷ್ಟು ವರ್ಷದ ಕೈಗೆ ಅದು ಹೊಳೆಯಲೇ ಇಲ್ಲ.

ಕೊನೆಯ ದಿನ ಬೆಳಿಗ್ಗೆ ಅವಳು ಬಿಳಿ ಬಲ್ಬುಗಳನ್ನು ವಾಪಸು ಹಾಕಿ, ಮನೆಯಿಂದ ತಂದ ಹೊಸ ಹನ್ನೊಂದನ್ನು ಬೆಚ್ಚಗೆ ಮಾಡಲು ಬಿಸಿನೀರು ತರಲು ಹೋದಳು. ಎರಡನೇ ದೃಶ್ಯದಲ್ಲಿ ಕೂದಲ ಪಿನ್ನು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಗುಂಡಿ ಫೈಲು ತೆಗೆದಳು. ಎರಡನೇ ಹಾಳೆ ನೋಡಿದಳು, ಮೂರನೆಯದು ನೋಡಿದಳು, ಆಮೇಲೆ ನಿಲ್ಲಿಸಲಿಲ್ಲ.

ಬಣ್ಣದಕ್ಕ ಬಿಸಿನೀರಿನೊಂದಿಗೆ ಒಳಗೆ ಬಂದಾಗ ಫೈಲು ಮೇಜಿನ ತುಂಬ ಹರಡಿತ್ತು. ಬಿಳಿ ಬೆಳಕಿನಲ್ಲಿ ತೊಂಬತ್ತಾರು ಗುಂಡಿಯರು ಸಾಲಾಗಿ ಮಲಗಿದ್ದರು. ಎಡಗಡೆಯ ತುದಿಯಲ್ಲಿ ತಂಗಿಯ ಮಗಳು, ಬಲಗಡೆಯ ತುದಿಯಲ್ಲಿ ಯಾರೋ.

ಗುಂಡಿ ಕೂಗಾಡಲಿಲ್ಲ. ಒಂದು ಹಾಳೆಯ ಮೇಲೆ ಬೆರಳಿಟ್ಟಳು. "ಇದು ಆ ಸೋಮವಾರದ್ದು. ನಾನು ಚೆನ್ನಾಗಿ ಕಾಣ್ತಿದೀನಿ ಅಂದಿದ್ದೆ. ನಿದ್ದೆ ಅಂದೆ ನೀನು."

"ಗುಂಡಿ, ಕೇಳಿಲ್ಲಿ. ನಿನ್ನ ತೆಗೆದುಬಿಡ್ತಿದ್ರು. ಇನ್ನೊಬ್ಬಳನ್ನ ರೆಡಿ ಇಟ್ಟಿದ್ರು. ನನಗೆ ಬೇರೆ ದಾರಿ ಇರಲಿಲ್ಲ ಕಣೇ."

"ಮೂರು ತಿಂಗಳು ನಾನು ಬೇಗ ಮಲಗಿದೀನಿ ದೊಡ್ಡಮ್ಮ."

"ಹೊಟ್ಟೆಗೆ ಹಾಕ್ಕೋ. ಇವತ್ತು ನಿನ್ನ ಬಣ್ಣವೇ. ನೋಡು, ಹೊಸದಾಗಿ ಕಲಸಿ ತಂದಿದೀನಿ. ಕೂತ್ಕೋ ಬಾ."

"ಊರವರು ಬೈದಾಗ ನಾನು ಏನಂದ್ಕೋತಿದ್ದೆ ಗೊತ್ತಾ? ಏನಾದ್ರೂ ಬೈಕೊಳ್ಳಲಿ, ಬೆಳಿಗ್ಗೆ ಎದ್ದು ದೊಡ್ಡಮ್ಮನ ಕುರ್ಚಿಲಿ ಕೂತರೆ ಸರಿಹೋಗತ್ತೆ ಅಂತ. ಅಲ್ಲಿ ಒಂದು ಗಂಟೆ ಯಾರೂ ನನ್ನ ಬಣ್ಣದ ಬಗ್ಗೆ ಯೋಚನೆ ಮಾಡಲ್ಲ ಅಂತ."

ಬಣ್ಣದಕ್ಕ ಅವಳ ಕೈ ಹಿಡಿಯಲು ಹೋದಳು. ಗುಂಡಿ ಎದ್ದು ನಿಂತು, ಕೋಣೆಯ ಆ ಕಡೆಯ ಕನ್ನಡಿಯ ಮುಂದೆ ಹೋಗಿ ಕೂತಳು. ಅದು ಪೌಡರಣ್ಣನ ಕುರ್ಚಿ, ಗುಂಪಿನವರಿಗೆ ಮೇಕಪ್ ಮಾಡುವವನದು. ಒಳ್ಳೆಯವನೇ, ಕೈ ಮಾತ್ರ ಗೋಡೆಗೆ ಸುಣ್ಣ ಹೊಡೆಯುವವರ ಕೈ. ಅವನ ಹತ್ತಿರ ಇದ್ದದ್ದು ಕಂಪನಿಯ ಎಂಟು ಡಬ್ಬಿ. ಆಗಷ್ಟೇ ಒಳಗೆ ಬಂದ ಅವನು ಗಾಬರಿಯಾಗಿ ಬಣ್ಣದಕ್ಕನ ಮುಖ ನೋಡಿದ.

"ಅವನ ಹತ್ರ ನಿನ್ನ ನಂಬರಿಲ್ಲ ಗುಂಡಿ. ಬೂದಿ ಬಳಿದ ಹಾಗೆ ಕಾಣ್ತೀಯ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ." ಹೆತ್ತ ತಾಯಿಗಿಂತ ಹಿರಿಯಳಾದವಳು ಇಪ್ಪತ್ತೆರಡರ ಹುಡುಗಿಗೆ ಕಾಲಿಗೆ ಬೀಳ್ತೀನಿ ಅಂದಳು.

"ಅವರು ಏನು ಹಚ್ತಾರೋ ಹಚ್ಚಲಿ," ಎಂದಳು ಗುಂಡಿ ಕನ್ನಡಿ ನೋಡಿಕೊಂಡೇ. "ಅವರಿಗೆ ನಾನು ಯಾರೂ ಅಲ್ಲ."

ಪೌಡರಣ್ಣ ಎಂಟನೇ ಡಬ್ಬಿ ತೆರೆದ. ಹೊರಗೆ ಶಾಟ್ ರೆಡಿ ಎಂದು ಮೂರು ಸಲ ಕೂಗಾಗಿತ್ತು.

ಬೀದಿಯ ಸೆಟ್ಟಿನಲ್ಲಿ ಗುಂಡಿ ಬೀಗದ ಕೈ ಹಿಡಿದು ನಿಂತಾಗ ಬಣ್ಣದಕ್ಕ ದೀಪದ ಕಂಬದ ಹಿಂದೆ ನಿಂತಿದ್ದಳು. ಸಣ್ಣ ಪರದೆಯ ಮೇಲೆ ಅದೇ ಮುಖ ಕಂಡಿತು. ಇಪ್ಪತ್ತೆಂಟು ವರ್ಷದ ಹಿಂದೆ ಗುಂಪಿನಲ್ಲಿ ನಿಂತಿದ್ದ, ತಂಗಿಗೂ ಗುರುತು ಸಿಗದ ಮುಖ. ಕುತ್ತಿಗೆ ಒಂದು ಬಣ್ಣ, ಕೆನ್ನೆ ಒಂದು ಬಣ್ಣ. ನಿರ್ದೇಶಕಿ ಏನೋ ಹೇಳಲು ಹೊರಟು ಸುಮ್ಮನಾದಳು. ಈ ಧಾರಾವಾಹಿಯಲ್ಲಿ ಅವಳೂ ಸುಮ್ಮನಿರುವುದನ್ನು ಚೆನ್ನಾಗಿ ಕಲಿತಿದ್ದಳು. ನಿರ್ಮಾಪಕ ಮಾತ್ರ ಪರದೆಗೆ ಬಾಗಿ ನೋಡಿ, ತಲೆ ಆಡಿಸಿದ.

"ಅಪ್ಪ ಸತ್ತ ಹುಡುಗಿ ಅಲ್ವಾ, ಮುಖ ಹೀಗೇ ಇರಬೇಕು. ಚೆನ್ನಾಗಿದೆ," ಎಂದ. ಆಮೇಲೆ ತಿರುಗಿ, "ಎಂಟರಿಂದಲೇ ಶುರು ಮಾಡಿದ್ರೆ ಆಗ್ತಿತ್ತು ನೋಡಿ ಬಣ್ಣದಕ್ಕ. ಮೊದಲ ಕಂತಿನ ಉಳಿದ ನಾಲ್ಕು ಸೀನೂ ಹೀಗೇ ಇನ್ನೊಂದ್ಸಲ ತೆಗೆದುಬಿಡೋಣ," ಎಂದ.

ಶಾಟ್ ಮುಗಿಯಿತು. ಫೈಲಿಗೆ ಫೋಟೋ ಬೇಕು, ಅದು ಬಣ್ಣದಕ್ಕನ ಕೆಲಸ. ಕೋಣೆಯ ಗೋಡೆಗೆ ಗುಂಡಿಯನ್ನು ನಿಲ್ಲಿಸಿ ಕ್ಯಾಮೆರಾ ಎತ್ತಿದಳು. ಗುಂಡಿ ತಾನಾಗಿ ಮುಖ ಎತ್ತಿ ಕೊಟ್ಟಳು, ತಾನಾಗಿ ಪಕ್ಕಕ್ಕೆ ತಿರುಗಿ ಕಿವಿ ತೋರಿಸಿದಳು. ಕೋಣೆಯಲ್ಲಿ ಪೌಡರಣ್ಣನೂ ಇರಲಿಲ್ಲ, ಬಾಗಿಲು ಮುಚ್ಚಿತ್ತು.

"ಅಮ್ಮಂಗೆ ಏನೂ ಹೇಳ್ಬೇಡಿ," ಎಂದಳು. "ನಂಬರು ಸರಿಯಾಗಿ ಬರ್ಕೊಳ್ಳಿ ಬಣ್ಣದಕ್ಕ."

ಬಾಗಿಲು ಮುಚ್ಚಿದ್ದರೂ ಅವಳು ಹಾಗಂದಳು.

ಅವಳು ಹೋದ ಮೇಲೆ ಬಣ್ಣದಕ್ಕ ಹಾಳೆ ತೆಗೆದು ನಂಬರು ಎಂಟು ಎಂದು ಬರೆದಳು, ಹಚ್ಚಿದವರ ಹೆಸರಿನ ಮುಂದೆ ಪೌಡರಣ್ಣನ ಹೆಸರು ಬರೆದಳು, ಫೈಲಿನ ಮೊದಲನೇ ಪುಟಕ್ಕೆ ಸೇರಿಸಿದಳು. ತಂಗಿಯ ಫೋನು ಎರಡು ಸಲ ಬಡಿದುಕೊಂಡು ನಿಂತಿತು. ಮೇಜಿನ ಮೇಲೆ ಹನ್ನೊಂದರ ಡಬ್ಬಿ ಬಿಸಿನೀರಿನಲ್ಲಿ ಇನ್ನೂ ಬೆಚ್ಚಗಿತ್ತು. ಅಭ್ಯಾಸಬಲದಿಂದ ಒಂದು ಬೆರಳು ಅದ್ದಿ ಮಣಿಕಟ್ಟಿಗೆ ಹಚ್ಚಿ, ದೀಪದ ಕೆಳಗೆ ಹಿಡಿದು ನೋಡಿದಳು. ಹದ ಸರಿಯಾಗಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿ, ಫೋನು ಮತ್ತೆ ಬಡಿದುಕೊಳ್ಳುವುದನ್ನು ಕೇಳುತ್ತ, ಗುಂಡಿ ಕೂರದೆ ಹೋದ ಕುರ್ಚಿಯಲ್ಲಿ ತಾನೇ ಕೂತಳು.