ಖಾಲಿ ಬಿಟ್ಟ ಸವಕಳಿ

ಅಪ್ಪ ತೀರಿಕೊಂಡ ಮೇಲೆ ನ್ಯೂಜಿಲೆಂಡಿನ ಅಪ್ಪರ್ ಹಟ್‌ನಲ್ಲಿ ಬಾಡಿಗೆಗೆ ಕೊಟ್ಟಿದ್ದ ಮನೆ ಅವ್ವನ ಹೆಸರಿಗೆ ಬಂತು. 2019ರ ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ ನಾನು, ಅವ್ವ, ನಮ್ಮ ಲೆಕ್ಕ ನೋಡುವ ಮೈಸೂರು ಕಡೆಯ ಚೇತನ್, ಮೂವರೂ ಅದರ ಅಡುಗೆಮನೆಯಲ್ಲಿ ಕುಳಿತಿದ್ದೆವು. ಹಳೆಯ ಬಾಡಿಗೆದಾರರು ಬಿಟ್ಟುಹೋಗಿದ್ದರು. ಖಾಲಿ ಮನೆ ಆಡಿದ್ದನ್ನೆಲ್ಲ ಕೇಳಿಸಿಕೊಂಡು ಗೋಡೆಯಲ್ಲಿ ಇಟ್ಟುಕೊಳ್ಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಮೆಲ್ಲಗೇ ಮಾತಾಡುತ್ತಿದ್ದೆ.

ಜುಲೈ ಬರುವಷ್ಟರಲ್ಲಿ ಬಾಡಿಗೆ ಮನೆಗಳ ಅಟ್ಟಕ್ಕೂ ನೆಲದಡಿಗೂ ಚಳಿ ತಡೆಯುವ ಹೊದಿಕೆ ಹಾಕಿಸಲೇಬೇಕೆಂದು ಸರ್ಕಾರದ ಕಾನೂನಿತ್ತು. ನಮ್ಮ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಇನ್ನು ಮನೆ ಮಾರುವುದೇ ಎಂದುಕೊಂಡಿದ್ದಾಗ ಅಪ್ಪನ ಹಳೆಯ ತೆರಿಗೆ ರಿಟರ್ನ್‌ಗಳಲ್ಲಿ ಚೇತನ್‌ಗೆ ಒಂದು ದಾರಿ ಕಂಡಿತ್ತು.

“ಆಂಟಿ, ಕಟ್ಟಡಕ್ಕೆ ಈಗ ಸವಕಳಿ ಕೊಡಲ್ಲ. ಆದ್ರೆ ಕಾರ್ಪೆಟ್, ಪರದೆ, ಒಲೆ, ಮನೆ ಬೆಚ್ಚಗಿಡೋ ಹೀಟ್ ಪಂಪ್ ವರ್ಷವರ್ಷ ಸವೆಯುತ್ತಲ್ಲ, ಅಷ್ಟನ್ನ ಬಾಡಿಗೆ ಆದಾಯದಲ್ಲಿ ಕಳೀಬಹುದು. ಅಂಕಲ್ ಒಂದು ವರ್ಷಾನೂ ಕಳೆದಿಲ್ಲ, ಹೆಚ್ಚಿಗೆ ತೆರಿಗೆ ಕಟ್ಟಿದಾರೆ. ತಪ್ಪಾಗಿದೆ ಅಂತ ನೀವು ತೆರಿಗೆ ಇಲಾಖೆಗೆ ಪತ್ರ ಕೊಟ್ರೆ ನಾಲ್ಕು ವರ್ಷದ್ದು ವಾಪಸ್ ಕೇಳಬಹುದು. ಹೊದಿಕೆ ಖರ್ಚು ಹೆಚ್ಚುಕಮ್ಮಿ ಹುಟ್ಟುತ್ತೆ. ಈ ತಿಂಗಳು ದಾಟಿದ್ರೆ ಅದರಲ್ಲಿ ಒಂದು ವರ್ಷದ್ದು ಹೋಯ್ತು.”

ಬರೆದು ತಂದಿದ್ದ ಪತ್ರ ಮುಂದಿಟ್ಟು ಪೆನ್ನು ಚಾಚಿದ. ಅವ್ವ ತೆಗೆದುಕೊಳ್ಳಲಿಲ್ಲ.

“ತಪ್ಪು ಅಂತ ನಾ ಬರಿಯೂದಿಲ್ಲಪಾ. ಮೂರ ಮೂರ ಸರ್ತಿ ಕೂಡಿಸಿ ನೋಡತಿದ್ರು ಅವರು. ಹೋದ ಮನಷ್ಯಾನ ಮ್ಯಾಲ ಹೊರಸತೀರೇನು?”

“ಅವ್ವಾ, ಸಹಿ ಹಾಕಲಿಲ್ಲಂದ್ರ ಮನಿ ಮಾರಬೇಕಾಗತೈತಿ.”

“ಮಾರರಿ.”

ಸಿಂಕಿನ ಕಿಟಕಿಯಾಚೆ ಬೆಟ್ಟದ ಮೇಲಿನ ಮೋಡ ಕೆಳಗಿಳಿಯುತ್ತಿತ್ತು. ಅದು ನಮ್ಮ ಹಿತ್ತಲಿಗೆ ಬಂದು ಕೂತೀತೇನೋ ಎಂದು ನೋಡುತ್ತ ಉಳಿದೆ. ಚೇತನ್ ಸುಮ್ಮನೆ ಕಾಗದ ತಿರುವುತ್ತಿದ್ದವನು ಒಂದು ಹಾಳೆಯನ್ನು ಬೆಳಕಿಗೆ ಹಿಡಿದ.

“ಸ್ನೇಹಲ್, ಇಲ್ನೋಡಿ. ಅಂಕಲ್‌ಗೆ ಗೊತ್ತಿತ್ತು.”

ಮೊದಲ ವರ್ಷದ ಕರಡು ಅದು. ಕಾರ್ಪೆಟ್, ಒಲೆ, ಪರದೆ ಎಂದು ಅಪ್ಪ ಪೆನ್ಸಿಲಿನಲ್ಲಿ ಸಾಲಾಗಿ ಬರೆದು, ಮುಂದೆ ಅಂಕಿ ಹಾಕಿ, ಆಮೇಲೆ ಎಲ್ಲವನ್ನೂ ಉಜ್ಜಿ ಅಳಿಸಿದ್ದ. ಒತ್ತಿ ಬರೆಯುವ ಅವನ ಕೈಯ ಗೆರೆಗಳು ಹಾಗೇ ಉಳಿದಿದ್ದವು.

ಅವ್ವ ಹಾಳೆಯನ್ನು ಈಸಿಕೊಂಡು ಆ ಗೆರೆಗಳ ಮೇಲೆ ಬೆರಳಾಡಿಸಿದಳು.

“ನಾನೇ ಅಳಸಾಕ ಹಚ್ಚೀನಿ” ಅಂದಳು.

ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಅಕ್ಕಿ ತೀರಿದರೂ ತೀರಿತು ಅನ್ನುವಂತಿಲ್ಲ.

“ಶುಕ್ರವಾರ ಸಂಜಿಮುಂದ ಬರ್ಕೋಂತ ಕುಂತಿದ್ರು. ಬಾಳೂ ಮನೀಗೆ ಸವದೈತಿ ಅಂತ ಕೈಯಾರೆ ಬರೀತೀರೇನು ಅಂತ ಜಗಳಾ ತಗದೆ. ರಬ್ಬರ್ ನಾನೇ ತಂದು ಕೊಟ್ಟೆ. ಮುಂದ ಅವರು ಎಂದೂ ಬರೀಲಿಲ್ಲ.”

“ಆ ರಬ್ಬರ್‌ಗೂ ಸವಕಳಿ ಹಾಕ್ಬಹುದಿತ್ತು ಆಂಟಿ.”

“ನಗಬ್ಯಾಡೋ ಮಾರಾಯಾ” ಎಂದು ಅವ್ವ ಗದರಿಸಿದಳು. ತುಟಿ ಮಾತ್ರ ಸ್ವಲ್ಪ ಸಡಿಲವಾಗಿತ್ತು.

“ಹಂಗಾರ ಇದ್ದದ್ದು ಇದ್ದಂಗ ಬರಿಯೂಣು” ಅಂದೆ ನಾನು. “ತಪ್ಪು ಅಪ್ಪಂದಲ್ಲ, ನಿಂದು ಅಂತ.”

“ಇಲಾಖೆಯವರಿಗೆ ಇಷ್ಟೆಲ್ಲ ಬೇಕಿಲ್ಲ. ಬಿಟ್ಟುಹೋಗಿದೆ ಅಂದ್ರೆ ಸಾಕು” ಎಂದು ಚೇತನ್ ತಲೆ ಕೆರೆದುಕೊಂಡ.

“ನನಗ ಬೇಕು” ಅಂದಳು ಅವ್ವ.

ಅವನು ಲ್ಯಾಪ್‌ಟಾಪ್ ತೆರೆದು ಪತ್ರಕ್ಕೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದ: ನನ್ನ ಪತಿ ನಾಗಲಿಂಗಪ್ಪನವರು ಮೊದಲ ವರ್ಷ ಸರಿಯಾಗಿಯೇ ಬರೆದಿದ್ದರು, ಅಳಿಸಲು ಹೇಳಿದವಳು ನಾನು. ಕಾರಿನಲ್ಲಿದ್ದ ಪುಟ್ಟ ಪ್ರಿಂಟರಿನಲ್ಲಿ ಅಚ್ಚು ಹಾಕಿ ತಂದ. ಅವ್ವ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿಕೊಂಡು ಅರ್ಥ ಹೇಳಿಸಿಕೊಂಡಳು. ಆಮೇಲೆ ಕನ್ನಡದಲ್ಲಿ ‘ರತ್ನವ್ವ’ ಎಂದು ಸಹಿ ಹಾಕಿದಳು.

ಪತ್ರದ ಜೊತೆ ಸಾಮಾನಿನ ಪಟ್ಟಿ ಬೇಕಿತ್ತು. ಕಾರ್ಪೆಟ್ ಯಾವ ವರ್ಷದ್ದು, ಪರದೆ ಎಲ್ಲಿಂದ ತಂದದ್ದು, ಹೀಟ್ ಪಂಪ್ ಹಾಕಲು ಬಂದವನಿಗೆ ಎಷ್ಟು ಸಲ ಚಹಾ ಮಾಡಿಕೊಟ್ಟದ್ದು, ಎಲ್ಲ ಅವ್ವನ ಬಾಯಲ್ಲೇ ಇತ್ತು. ಒಲೆಯ ಸರದಿ ಬಂದಾಗ ತಡೆದಳು.

“ಒಲಿ ಬ್ಯಾಡ. ಇನ್ನೂ ಗಟ್ಟಿ ಐತಿ.”

“ಗಟ್ಟಿ ಇದ್ರೂ ಬರೀಬೇಕು ಆಂಟಿ. ನಾವು ಬಿಟ್ರೂ ಮುಂದೆ ಮಾರೋವಾಗ ಇಲಾಖೆಯವರು ಸವಕಳಿ ಕಳೆದ ಹಾಗೇ ಲೆಕ್ಕ ಹಿಡೀತಾರೆ.”

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು.

“ನಾ ಹಿತ್ತಲಕ ಹೋಗಿರತೇನಿ. ಅಷ್ಟರಾಗ ಬರ್ಕೋರಿ.”

ಬಾಗಿಲು ಮುಚ್ಚಿಕೊಂಡಿತು. ಚೇತನ್ ನನ್ನ ಮುಖ ನೋಡಿದ. “ಬೇಗ” ಅಂದೆ ನಾನು.