ಹತ್ತೊಂಬತ್ತು ಲೋಟ ಒಂದೆಲಗ

ದರ್ಜಿ ಮಾಸ್ಟರು ತೀರಿಕೊಂಡ ಒಂಬತ್ತನೆಯ ದಿನ ಬೆಳಿಗ್ಗೆ ಅವರ ಅಕ್ಕ ಅಂಗಡಿಗೆ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಸ್ಟೀಲ್ ಲೋಟ ಇತ್ತು. ಒಳಗೆ ಕಾಜಾ ಒಬ್ಬಳೇ ಕೂತು ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು. ಹದಿನಾಲ್ಕು ವರ್ಷ ಅದೇ ಅಂಗಡಿಯಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿದೂ ಹೊಲಿದೂ ಬೀದಿಯವರ ಬಾಯಲ್ಲಿ ಅವಳ ಹೆಸರೇ ಕಾಜಾ ಆಗಿಹೋಗಿತ್ತು.

“ಕುಡಿ” ಎಂದರು ಅಕ್ಕ.

“ಏನಕ್ಕ ಇದು?”

“ಒಂದೆಲಗದ ರಸ. ನೆನಪಿಗೆ ಒಳ್ಳೇದು. ಮೊದ್ಲು ಕುಡಿ, ಆಮೇಲೆ ಮಾತು.”

ಕಾಜಾ ಕುಡಿದಳು. ಹಸಿ ಸೊಪ್ಪಿನ ವಾಸನೆ, ಒಗರು, ಕೊನೆಗೆ ನಾಲಿಗೆಯ ಬುಡದಲ್ಲಿ ಕಹಿ. ಮುಖ ಕಿವುಚಬೇಕು ಅನ್ನಿಸಲಿಲ್ಲ. ಆ ದಿನಗಳಲ್ಲಿ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಆದದ್ದು ಇಷ್ಟು. ಮಧ್ಯಾಹ್ನ ಊಟಕ್ಕೆಂದು ಅಂಗಡಿ ಮುಚ್ಚುವ ಹೊತ್ತಿನಲ್ಲಿ ಮಾಸ್ಟರು ದಾರದ ಉಂಡೆ ತರಲು ರಸ್ತೆ ದಾಟಿದರು. ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಬಿಳಿ ಕಾರು ಎಂದಷ್ಟೇ ಮೂಲೆಯ ಹಣ್ಣಿನವನು ಹೇಳಿದ. ನಂಬರು ಯಾರೂ ಕಂಡಿರಲಿಲ್ಲ. ಹತ್ತಿರ ಇದ್ದವಳು ಕಾಜಾ ಒಬ್ಬಳೇ. ಪೊಲೀಸರು ಮೂರು ಸಲ ಕೇಳಿದರು, ಮೂರು ಸಲವೂ ಅವಳು “ಗೊತ್ತಿಲ್ಲ ಸಾರ್” ಎಂದಳು. ಆಘಾತದಿಂದ ನೆನಪು ಹೋಗಿದೆ ಎಂದು ಅವರು ಬರೆದುಕೊಂಡರು.

ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. “ಇಡೀ ಊರಿನ ನಂಬರು ನನ್ನ ಬಾಯಲ್ಲಿತ್ತು ಕಣೆ. ಪುಸ್ತಕ ತೆಗೆದವಳೇ ಅಲ್ಲ ನಾನು. ಎಲ್ಲಾ ಈ ಸೊಪ್ಪಿನ ಮಹಿಮೆ. ವೈದ್ಯರು ನಲವತ್ತೆಂಟು ದಿನ ಅಂತಾರೆ. ನಿಂಗೆ ಅಷ್ಟು ಬೇಕಾಗಲ್ಲ, ಕಾರಿನ ನಂಬರು ಆರೇ ಅಂಕಿ ತಾನೆ!”

ಮರುದಿನವೂ ಬಂದರು, ಅದರ ಮರುದಿನವೂ. ಮನೆಯ ಹಿಂದೆ ನಲ್ಲಿಯ ನೀರು ಹರಿದುಹೋಗುವ ಕಡೆ ಒಡೆದ ಬಕೆಟ್ಟಿನಲ್ಲಿ ಬೆಳೆಸಿದ್ದ ಗಿಡ ಅದು. ದಂಟಿಗೊಂದೇ ಎಲೆ, ಅಂಚೆಲ್ಲ ಸಣ್ಣ ಸಣ್ಣ ಕಚ್ಚು. ಬೆಳಿಗ್ಗೆ ಎದ್ದು ಕಿತ್ತು, ತೊಳೆದು, ಅರೆದು, ಬಟ್ಟೆಯಲ್ಲಿ ಹಿಂಡಿ ತರುತ್ತಿದ್ದರು. ಕಾಜಾ ಕುಡಿದು ಲೋಟ ಕೆಳಗಿಡುವವರೆಗೆ ಅವಳ ಮುಖವನ್ನೇ ನೋಡುತ್ತಿದ್ದರು.

“ಏನಾದ್ರೂ?”

“ಇಲ್ಲಕ್ಕ.”

“ಅವಸರ ಇಲ್ಲ ಬಿಡು.”

ಕಾಜಾಳ ಗಂಡ ಮನೆಮನೆಗೆ ವೈರಿಂಗ್ ಮಾಡುವವನು. ಹೆಂಡತಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಲಗುತ್ತಾಳೆ, ಒಂದು ಹನಿ ಕಣ್ಣೀರಿಲ್ಲ ಎಂಬುದೇ ಅವನಿಗೆ ದಿಗಿಲು. ನಗಿಸಲು ನೋಡಿದ. “ನಿಂಗೆ ನೆನಪು ಜಾಸ್ತಿ ಆದ್ರೆ ನನ್ನ ಗತಿ ಏನೇ? ಮದುವೆ ದಿನದಿಂದ ನನ್ನ ತಪ್ಪೆಲ್ಲಾ ಎಣಿಸೋಕೆ ಶುರು ಹಚ್ಕೋತೀಯ.” ಅವಳು “ಹ್ಞೂಂ” ಎಂದಳು. ಅವನ ನಗು ಅಲ್ಲೇ ನಿಂತಿತು.

ಮಾಸ್ಟರು ಕತ್ತರಿಸಿಟ್ಟಿದ್ದ ಬಟ್ಟೆಗಳು ಇನ್ನೂ ಹನ್ನೊಂದು ಇದ್ದವು. ಅವನ್ನು ಹೊಲಿದು ಮುಗಿಸುವುದಷ್ಟೇ ಅವಳ ಕೆಲಸವಾಗಿತ್ತು. ಒಂದು ದಿನ ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕೆ ಕಂಡಿತು. ಇದೆಲ್ಲಿಂದ ಬಂತು ಎಂದು ಹುಡುಕಿ, ಕೊನೆಗೆ ತನ್ನ ಬೆರಳನ್ನು ನೋಡಿಕೊಂಡಳು. ಸೂಜಿ ಉಗುರಿನ ಪಕ್ಕ ಇಳಿದಿತ್ತು. ನೋವಾಗಿರಲಿಲ್ಲ. ಅಂಗಿಯನ್ನು ತಣ್ಣೀರಿಗೆ ಹಾಕಿ ಬೇರೆಯದನ್ನು ಕೈಗೆತ್ತಿಕೊಂಡಳು.

ಹತ್ತೊಂಬತ್ತನೆಯ ಲೋಟದ ದಿನ ಅಕ್ಕ ಕೂರಲಿಲ್ಲ. ಅವಳು ಕುಡಿದು ಮುಗಿಸಿದ ಕೂಡಲೇ ಸೊಂಟದಿಂದ ಚೀಟಿಯೊಂದನ್ನು ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟರು. ಅದರಲ್ಲಿ ಕಾರಿನ ನಂಬರು ಇತ್ತು.

“ನಿನ್ನೆ ಇನ್ಸ್‌ಪೆಕ್ಟರು ಕರೆಸಿದ್ರು. ಯಾವುದೋ ಗ್ಯಾರೇಜಿನಲ್ಲಿ ಮುಂದಿನ ದೀಪ ಒಡೆದ ಬಿಳಿ ಕಾರು ಸಿಕ್ಕಿದೆಯಂತೆ. ಓನರು ಗೋಡೆಗೆ ಗುದ್ದಿದ್ದು ಅಂತಾನಂತೆ. ನೀನು ನೋಡಿದ್ದು ಇದೇ ಅಂದ್ರೆ ಕೇಸು ಗಟ್ಟಿಯಾಗತ್ತೆ. ಸರಿಯಾಗಿ ನೋಡು. ಇದೇನಾ?”

ಕಾಜಾ ಚೀಟಿ ನೋಡಿದಳು. ಅಂಕಿಗಳು ದುಂಡಗೆ, ಚೆಂದವಾಗಿ ಇದ್ದವು. ಹೌದು ಅಂದುಬಿಡಬಹುದು, ತಲೆ ಆಡಿಸಿದರೂ ಸಾಕು. ಇಷ್ಟು ದಿನ ಯಾರು ಏನು ಕೊಟ್ಟರೂ ತೆಗೆದುಕೊಂಡ ಹಾಗೆ ಇದನ್ನೂ ತೆಗೆದುಕೊಳ್ಳಬಹುದು. ಅವಳ ತಲೆ ಅರ್ಧ ಬಾಗಿಯೂ ಇತ್ತು. ಅಷ್ಟರಲ್ಲಿ ಚೀಟಿಯನ್ನು ಮೇಜಿಗೆ ಒತ್ತಿ ಹಿಡಿದಿದ್ದ ಅಕ್ಕನ ಬೆರಳುಗಳು ಕಂಡವು. ಉಗುರಿನ ಸಂದಿಯೆಲ್ಲ ಸೊಪ್ಪಿನ ಹಸಿರು.

“ನಾನು ನೋಡೇ ಇಲ್ಲ ಅಕ್ಕ.”

“ಅಂದ್ರೆ? ನೆನಪಾಗ್ತಿಲ್ವಾ?”

“ನೆನಪೆಲ್ಲಾ ಇದೆ. ಶಟರ್‌ಗೆ ಬೀಗ ಹಾಕ್ತಿದ್ದೆ. ಬೆನ್ನು ರಸ್ತೆ ಕಡೆ ಇತ್ತು. ಸದ್ದು ಕೇಳಿ ತಿರುಗಿದಾಗ ಕಾರೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಮಾಸ್ಟ್ರು ಬಿದ್ದಿದ್ರು, ಅಷ್ಟೇ.”

ಅಕ್ಕ ಚೀಟಿ ಮಡಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. “ಹತ್ತೊಂಬತ್ತು ದಿನ ಯಾಕೆ ಕುಡಿದೆ ಮತ್ತೆ?”

“ನೀವು ತಂದ್ರಿ. ಕುಡಿದೆ.” ಕಾಜಾ ಹೇಳಿದಳು, “ಪೊಲೀಸರಿಗೆ ಗೊತ್ತಿಲ್ಲ ಅಂದೆ. ಅವ್ರು ನೆನಪಿಲ್ಲ ಅಂತ ಬರ್ಕೊಂಡ್ರು. ಎಲ್ಲರೂ ಹಾಗೇ ಅನ್ನೋಕೆ ಶುರು ಮಾಡಿದ್ರು. ನಂಗೂ ಒಂದೊಂದ್ಸಲ ನೋಡಿದ್ದೆ, ಮರೆತೆ ಅನ್ನಿಸ್ತಿತ್ತು. ತಪ್ಪಾಯ್ತಕ್ಕ.”

ಅಕ್ಕ ಬೈಯಲಿಲ್ಲ. ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

“ದಾರ ತರೋಕೆ ಹೋಗುವಾಗ ಅವನು ಏನಾದ್ರೂ ಅಂದ್ನಾ?”

ಅಷ್ಟು ದಿನಗಳಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ.

“ಬೀಗ ಎರಡು ಸಲ ಎಳೆದು ನೋಡು, ನಿನ್ನ ಕೈ ನಂಬೋ ಹಾಗಿಲ್ಲ ಅಂದ್ರು. ದಿನಾ ಅವ್ರೇ ಹಾಕೋರು. ಅವತ್ತು ಹಸಿವು ಅಂತ ಬೀಗ ನಂಗೆ ಕೊಟ್ರು.”

“ಹಸಿವು ಅಂದ್ನಾ?”

“ಹೊಟ್ಟೆ ತಾಳ ಹಾಕ್ತಿದೆ, ಬೇಗ ಬರ್ತೀನಿ ಅಂದ್ರು.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಅವರ ಹೆಗಲು ಅದುರುವುದನ್ನು ಕಾಜಾ ನೋಡಿದಳು. ಹೋಗಿ ಪಕ್ಕದಲ್ಲಿ ಕೂತಳು. ಅವಳಿಗೆ ಅಳು ಬರಲಿಲ್ಲ. ಬರಲಿ ಎಂದು ಕಾದು ನೋಡಿದಳು, ಆದರೂ ಬರಲಿಲ್ಲ.

ಮಧ್ಯಾಹ್ನ ಇಬ್ಬರೂ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ಸ್‌ಪೆಕ್ಟರು ಸಿಡಿಮಿಡಿಗೊಂಡರೂ ಬರೆದುಕೊಂಡರು. ಗ್ಯಾರೇಜಿನ ಕಾರು ನಿಜಕ್ಕೂ ಗೋಡೆಗೇ ಗುದ್ದಿತ್ತು ಎಂದು ವಾರದಲ್ಲಿ ತಿಳಿಯಿತು. ಮಾಸ್ಟರಿಗೆ ಗುದ್ದಿದ ಕಾರು ಮಾತ್ರ ಸಿಗಲೇ ಇಲ್ಲ.

ಮುಂದೆ ಹದಿನೈದು ದಿನ ಅಕ್ಕ ಅಂಗಡಿ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಹನ್ನೊಂದು ಬಟ್ಟೆಯೂ ಮುಗಿದವು. ಅಂಗಡಿ ಬಿಟ್ಟುಕೊಡುವುದೆಂದು ಕಾಜಾ ಸಾಮಾನು ಜೋಡಿಸುತ್ತಿರುವಾಗ ಅವರು ಬಂದರು. ತಾವೇ ತೊಡುವ ರವಿಕೆಗೆಂದು ತಂದ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು.

“ಕತ್ತರಿಸು.”

“ನಾನು ಯಾವತ್ತೂ ಕತ್ತರಿಸಿಲ್ಲ ಅಕ್ಕ. ಅದೆಲ್ಲಾ ಮಾಸ್ಟ್ರೇ.”

“ಹದಿನಾಲ್ಕು ವರ್ಷ ಎದುರಿಗೇ ಕೂತಿದ್ಯಲ್ಲ, ಕಣ್ಣು ಮುಚ್ಕೊಂಡಿದ್ಯಾ?”

ಕಾಜಾ ಟೇಪು ಹಿಡಿದು ಅಳತೆ ತೆಗೆದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿಯ ಬಾಯಿ ಬಟ್ಟೆಗೆ ತಾಗಿದ ಕೂಡಲೇ ಹಿಂದಕ್ಕೆ ಎಳೆದುಕೊಂಡಳು. ಬೆವರಿದ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

“ಏನಾಯ್ತೇ?”

“ಹೆದರಿಕೆ ಆಗ್ತಿದೆ ಅಕ್ಕ” ಎಂದಳು ಕಾಜಾ, ತನಗೇ ಆಶ್ಚರ್ಯವಾದವಳಂತೆ.

“ಆಗ್ಲಿ” ಎಂದರು ಅಕ್ಕ. “ಕೆಟ್ರೆ ಇನ್ನೊಂದು ತುಂಡು ತರ್ತೀನಿ.”

ಅವಳು ಕತ್ತರಿಸಿದಳು.