ಹೆಂಟೆಯೊಳಗಿನ ಬಳೆಚೂರು

ನಾನು ಚಿತ್ರ ಬರೆಯುವುದು ನಿದ್ದೆಗಣ್ಣಿನಲ್ಲಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಧ್ಯಾಹ್ನ ಮುದ್ದೆ ಉಂಡು, ತೋಟದಲ್ಲಿ ತೆಂಗಿನ ಮರಗಳ ನಡುವೆ ಹಾಕಿದ ಹಗ್ಗದ ಮಂಚದಲ್ಲಿ ಮಲಗಿ, ಅವತ್ತಿನ ಪೇಪರನ್ನು ಮುಖದ ಮೇಲೆ ಹರವಿಕೊಂಡರೆ ಅರ್ಧ ಗಂಟೆಯಲ್ಲಿ ಲೋಕದ ಸುದ್ದಿಯೆಲ್ಲ ಒಂದರೊಳಗೊಂದು ಕಲಸಿಹೋಗುತ್ತದೆ. ಯಾವುದೋ ದೇಶದ ಮಂತ್ರಿ ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ಚೌಕಾಸಿ ಮಾಡುತ್ತಿರುತ್ತಾನೆ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಂಟೆಯೊಂದು ಬಸ್ಸಿಗೆ ಕಾಯುತ್ತಿರುತ್ತದೆ. ಎಚ್ಚರವಾದ ಕೂಡಲೇ, ಅದೆಲ್ಲ ಆರಿಹೋಗುವ ಮೊದಲು, ಗೆರೆ ಎಳೆದುಬಿಡಬೇಕು. ನನ್ನ ಹೆಂಡತಿ ಕೋಮಲಾ ಇದಕ್ಕೆ ‘ಗೊರಕೆ ಉದ್ಯೋಗ’ ಎಂದು ಹೆಸರಿಟ್ಟಿದ್ದಾಳೆ.

ಕಡೂರಿನಲ್ಲಿ ಅಚ್ಚಾಗುವ ‘ಕಾವಲುಸೀಮೆ’ ದಿನಪತ್ರಿಕೆಯ ಮೊದಲ ಪುಟದ ಬಲಮೂಲೆಯಲ್ಲಿ ಒಂದು ಚೌಕವಿದೆ. ಹದಿನೆಂಟು ವರ್ಷಗಳಿಂದ ಅದು ನನ್ನದು. ಮೊದಲೆಲ್ಲ ಚಿತ್ರವನ್ನು ಲಕೋಟೆಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆ, ಈಗ ಫೋನಿನಲ್ಲಿ ಫೋಟೋ ಹೊಡೆದು ಕಳಿಸುತ್ತೇನೆ. ಆ ಚೌಕದಲ್ಲಿ ನಾನು ಯಾರನ್ನು ಬಿಟ್ಟಿದ್ದೇನೆ? ಸಮುದ್ರದಾಚೆಯ ಅಧ್ಯಕ್ಷರನ್ನು ಕತ್ತೆಯ ಮೇಲೆ ಕೂರಿಸಿದ್ದೇನೆ, ಸೇನಾಪತಿಗಳ ಚಡ್ಡಿ ಜಾರಿಸಿದ್ದೇನೆ. ಅವರು ಎಷ್ಟು ದೂರವೋ ನನಗೆ ಅಷ್ಟು ಧೈರ್ಯ. ಊರಿನ ವಿಷಯ ಬಂದಾಗ ಮಾತ್ರ ನನ್ನ ಪೆನ್ನಿಗೆ ನೆಗಡಿಯಾಗುತ್ತದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ನಾನು ಹೇಡಿ.

ಸಂಪಾದಕ ದೇವರಾಜ ನನ್ನ ಜೊತೆ ಓದಿದವನು, ಅವನಿಗೆ ಇದು ಚೆನ್ನಾಗಿ ಗೊತ್ತು. ಈ ಬೇಸಿಗೆಯಲ್ಲಿ ಒಂದು ದಿನ ಫೋನು ಮಾಡಿದ.

“ಲೇ ಭೈರೇಶ, ನಿಮ್ಮ ಭಾವನ ಬೇಲಿ ಸುದ್ದಿ ಮೂರು ದಿನದಿಂದ ಮೊದಲ ಪುಟದಲ್ಲೇ ಐತೆ. ನೀನು ನೋಡುದ್ರೆ ಯುದ್ಧ ಯುದ್ಧ ಅಂತ ಕೂತಿದೀಯ. ಬೇಲಿ ಬಗ್ಗೆ ಒಂದು ಬರ್ಕೊಡೋ.”

“ನೋಡನ ತಡಿ,” ಎಂದು ಫೋನು ಇಟ್ಟೆ.

ನನ್ನ ಅಕ್ಕ ಹುಲಿಗೆಮ್ಮನನ್ನು ಕೊಟ್ಟಿರುವುದು ಬುಕ್ಕಾಂಬುಧಿ ಕೆರೆಯ ಮಗ್ಗುಲಲ್ಲಿ ಜಮೀನಿರುವ ರೇವಣಪ್ಪನಿಗೆ. ಆ ಜಮೀನಿನ ಅಂಚಿನಲ್ಲಿ, ಆಚೆ ಹಟ್ಟಿಯವರು ದನ ಹೊಡೆದುಕೊಂಡು ಕೆರೆಗೆ ಬರುವ ಒಂದು ಬಂಡಿದಾರಿ. ಈ ಸಲ ತೆಂಗಿನ ಸಸಿ ಇಡಲು ಭಾವ ಅದಕ್ಕೆ ಅಡ್ಡಲಾಗಿ ಮುಳ್ಳುತಂತಿ ಎಳೆಸಿದ್ದ. ಹಟ್ಟಿಯ ದನಗಳು ಎರಡು ಮೈಲಿ ಸುತ್ತಿ ನೀರಿಗೆ ಬರುತ್ತಿದ್ದವು. ತಾಲ್ಲೂಕು ಆಫೀಸಿಗೆ ಅರ್ಜಿ ಹೋಯಿತು. ಭಾವ ಯಾವುದಕ್ಕೂ ಅಲುಗಲಿಲ್ಲ. “ಅದು ದಾರಿ ಅಲ್ಲ, ನಮ್ಮ ಹೊಲ. ನಮ್ಮಪ್ಪ ಹೆಂಟೆ ಹೊತ್ತು ಆಣೆ ಮಾಡಿದಾನೆ,” ಎಂಬ ಒಂದೇ ಮಾತು.

ಅದು ನಿಜ. ಮೂವತ್ಮೂರು ವರ್ಷದ ಹಿಂದೆ ಇದೇ ದಾರಿಗೆ ತಕರಾರು ಎದ್ದಾಗ ಭಾವನ ಅಪ್ಪ ಲಕ್ಕಣ್ಣ ಒದ್ದೆ ಬಟ್ಟೆಯಲ್ಲಿ, ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು, ಗಡಿಯುದ್ದಕ್ಕೂ ನಡೆದಿದ್ದ. ಸುಳ್ಳು ನಡೆದರೆ ಹೊತ್ತ ಮಣ್ಣೇ ಹೊತ್ತವನನ್ನು ತಿನ್ನುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೆಂಟೆಯನ್ನು ತಕರಾರಿನ ಜಾಗದಿಂದಲೇ ಅಗೆಯಬೇಕು. ಅಗೆದು ಬಟ್ಟೆ ಮುಚ್ಚಿ ತರುವುದು ಆ ಮನೆಯ ಹೆಣ್ಣು. ಲಕ್ಕಣ್ಣ ನಡೆದ, ಏನೂ ಆಗಲಿಲ್ಲ, ತೊಂಬತ್ತು ತುಂಬಿಸಿಕೊಂಡು ಹೋದ. ಅಲ್ಲಿಗೆ ಮಾತು ಮುಗಿದು ದಾರಿ ಅವರ ಹೊಲವೆಂದಾಯಿತು; ಬೇಲಿ ಮಾತ್ರ ಹಾಕಿರಲಿಲ್ಲ, ದನಗಳು ಓಡಾಡಿಕೊಂಡೇ ಇದ್ದವು.

ಭಾವನ ಮೇಲೆ ಗೆರೆ ಎಳೆಯುವುದೆಂದರೆ ಅಕ್ಕನ ಮೇಲೆ ಎಳೆದಂತೆ. ಅವ್ವ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೊಂದು. ಒಲೆಯ ಇದ್ದಿಲಿನಿಂದ ಗೋಡೆಯ ಮೇಲೆ ಕೋಳಿ ಬರೆದು ತೋರಿಸಿ ನನಗೆ ತುತ್ತು ಉಣಿಸಿದವಳು ಅವಳು. ಈಗಲೂ ಗುರುವಾರ ಬಂತೆಂದರೆ ರೊಟ್ಟಿ ಗಂಟು ಹಿಡಿದು ಬರುತ್ತಾಳೆ. ಅವಳು ಬರುವುದು ನಿಂತರೆ ನನಗೆ ಪೇಪರು, ಚೌಕ, ಹೆಸರು ಯಾವುದೂ ಬೇಡ.

ಅವತ್ತು ಪೇಪರು ಮುಚ್ಚಿಕೊಂಡು ಮಲಗಿದೆ. ಅದರಲ್ಲಿ ದೂರದ ಯುದ್ಧದ ಒಂದು ಫೋಟೋ ಇತ್ತು. ಬಾಂಬಿಗೆ ಕುಸಿದ ಮನೆಯ ಮಣ್ಣಿನಲ್ಲಿ ಒಬ್ಬ ಹೆಂಗಸು ಬರಿಗೈಯಲ್ಲಿ ಏನನ್ನೋ ಕೆದಕುತ್ತಿದ್ದಳು. ಕನಸಿನಲ್ಲಿ ಅವಳ ಊರಿನ ಬೀದಿ ಬಂದು ಬುಕ್ಕಾಂಬುಧಿಯ ಏರಿಗೆ ಕೂಡಿಕೊಂಡಿತು. ಏರಿಯ ಮೇಲೆ ಇಬ್ಬರು ಸೇನಾಪತಿಗಳು ಒದ್ದೆ ಪಂಚೆಯಲ್ಲಿ, ತಲೆಯ ಮೇಲೆ ಹೆಂಟೆ ಹೊತ್ತು, ಈ ನೆಲ ನಂದು, ಈ ನೆಲ ನಂದು ಎನ್ನುತ್ತ ಎದುರುಬದುರು ನಡೆಯುತ್ತಿದ್ದರು. ಕೆರೆಯ ನೀರಿನಲ್ಲಿ ಅವರು ತಲೆಕೆಳಗಾಗಿ ನಡೆಯುತ್ತಿದ್ದರು. ಹೆಂಟೆಯೊಳಗಿಂದ ಒಂದು ಚಮಚದ ಹಿಡಿಕೆ, ಗೊಂಬೆಯ ಕಾಲು, ಒಡೆದ ಬಳೆಯ ಚೂರು ಹೊರಗೆ ಇಣುಕುತ್ತಿದ್ದವು.

ಎದ್ದವನೇ ಬರೆದು ಕಳಿಸಿದೆ. ಅದು ಯುದ್ಧದ ಚಿತ್ರ, ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂದು ನಮ್ಮ ಸೀಮೆಯ ದೇವತೆ ಅಂತರಘಟ್ಟಮ್ಮನ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಒಂದು ಎಡವಟ್ಟಾಗಿತ್ತು. ನಾನು ಸೇನಾಪತಿಗಳನ್ನು ಎಲ್ಲಿ ನೋಡಬೇಕು? ನಡೆಯುವ ಗಂಡಸು ಎಂದರೆ ನನ್ನ ಕೈಗೆ ಬರುವುದು ನಮ್ಮೂರ ಗಂಡಸರೇ. ಒಬ್ಬನಿಗೆ ಭಾವನ ಮೀಸೆ ಬಂದಿತ್ತು, ಎಡಭುಜ ಸ್ವಲ್ಪ ಇಳಿಸಿ ನಡೆಯುವ ಭಾವನ ನಡಿಗೆಯೂ ಬಂದಿತ್ತು.

ಮರುದಿನ ಬೆಳಗ್ಗೆ ಅಜ್ಜಂಪುರದ ಹೋಟೆಲಿನಲ್ಲಿ ದೋಸೆಗಿಂತ ಮೊದಲು ನನ್ನ ಚಿತ್ರ ಖರ್ಚಾಯಿತಂತೆ. ಯಾರೊಬ್ಬರೂ ಯುದ್ಧ ಅನ್ನಲಿಲ್ಲ. “ಭೈರೇಶ ಕೊನೆಗೂ ರೇವಣಪ್ಪನ್ನ ಹಿಡ್ದ ಕಣ್ರಪ್ಪ,” ಎಂದರಂತೆ. ಹತ್ತು ಗಂಟೆಗೆ ಭಾವನ ಬೈಕು ನಮ್ಮ ಅಂಗಳಕ್ಕೆ ಬಂತು. ಪೇಪರನ್ನು ನನ್ನ ಕಾಲ ಬಳಿ ಬಿಸಾಕಿದ.

“ನಮ್ಮಪ್ಪ ಬಳೆ ತೊಟ್ಕಂಡಿದ್ನೇನೋ? ಗಂಡಸು ಹೊತ್ತ ಮಣ್ಣಲ್ಲಿ ಬಳೆ ಇಟ್ಟಿದೀಯಲ್ಲ, ಅವನೇನು ಹೇಡಿನಾ?”

“ಭಾವ, ಅದು ಎಲ್ಲೋ ಸಮುದ್ರದಾಚೆ ಯುದ್ಧ...”

“ಸಮುದ್ರದಾಚೇಲಿ ನನ್ ಮೀಸೆ ಯಾರಿಗೈತೋ? ಕೇಳಿಲ್ಲಿ. ಸೋಮವಾರ ಬೆಳಗ್ಗೆ ನಾನೇ ಹೆಂಟೆ ಹೊರ್ತೀನಿ, ಹಟ್ಟಿಯೋರ ಮುಂದೆ, ಎಲ್ಲರ ಮುಂದೆ. ನಿಮ್ಮ ಪೇಪರ್ನೋರ್ನೂ ಕರಿ. ಅಲ್ಲೀತನಕ ನಿಮ್ಮಕ್ಕ ಈ ಹೊಸ್ತಿಲು ತುಳಿಯಲ್ಲ.”

ಗುರುವಾರ ರೊಟ್ಟಿ ಬರಲಿಲ್ಲ. ನಾನು ಜಗುಲಿಯಲ್ಲಿ ಕೂತು ದಾರಿ ನೋಡಿದೆ, ಆಮೇಲೆ ಯಾರೂ ಇಲ್ಲದಾಗ ಅತ್ತೆ. ದೇವರಾಜ ಫೋನು ಮಾಡಿ “ಹದಿನೆಂಟು ವರ್ಷದಲ್ಲಿ ಒಂದೇ ಒಂದು ಗಂಡು ಚಿತ್ರ ಬರ್ದೆ,” ಎಂದು ಹೊಗಳಿದ್ದಕ್ಕೆ ಅವನಿಗೆ ಚೆನ್ನಾಗಿ ಬೈದೆ.

ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ. ನಿದ್ದೆ ಹತ್ತಿರ ಬಂದು ಬಂದು ವಾಪಸು ಹೋಗುತ್ತಿತ್ತು. ತೆಂಗಿನ ಗರಿಯ ನೆರಳಿನಲ್ಲಿ ಅಕ್ಕ ನಿಂತಿದ್ದಳು. ಕನಸೆಂದುಕೊಂಡು ಸುಮ್ಮನೆ ನೋಡುತ್ತಿದ್ದೆ. ಅವಳು ಹೊಸ್ತಿಲು ತುಳಿಯದೆ ತೋಟದ ಹಿಂದಿನಿಂದ ಬಂದಿದ್ದಳು, ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ನನ್ನ ಚೌಕವಿತ್ತು.

“ಯಾರೋ ಹೇಳಿದ್ದು ನಿಂಗೆ?” ಎಂದಳು.

“ಏನಕ್ಕ?”

“ಬಳೆ ವಿಷ್ಯ.”

“ಅಯ್ಯೋ, ಅದು ಯುದ್ಧದ್ದು ಕಣಕ್ಕ. ಮನೆ ಬಿದ್ದ ಮಣ್ಣಲ್ಲಿ ಒಬ್ಬಳು ಕೆದಕ್ತಾ ಇದ್ಲು, ಫೋಟೋದಲ್ಲಿ ಕಂಡೆ. ಬಳೆನೂ ಇರ್ತದೆ ಅಂತ ನಾನೇ ಸೇರಿಸ್ದೆ.”

“ಹಸ್ರು ಬಳೆ ಅಂತ ನಿಂಗೆ ಗೊತ್ತಿಲ್ವಾ?”

ನನ್ನ ಚಿತ್ರದಲ್ಲಿ ಬಣ್ಣವೇ ಇರುವುದಿಲ್ಲ. ಬಿಳಿ ಕಾಗದ, ಕಪ್ಪು ಗೆರೆ, ಅಷ್ಟೇ. ನಾನು ಎದ್ದು ಕೂತೆ. ನನಗೆ ಏನೂ ಗೊತ್ತಿರಲಿಲ್ಲ ಎಂಬುದು ಅಕ್ಕನಿಗೆ ಆಗ ತಿಳಿಯಿತು. ಆದರೂ ಮೂವತ್ಮೂರು ವರ್ಷ ಕಟ್ಟಿಟ್ಟ ಮಾತಿನ ಗಂಟು ಬಿಚ್ಚಿಹೋಗಿತ್ತು, ಮತ್ತೆ ಕಟ್ಟುವ ಶಕ್ತಿ ಅವಳಲ್ಲಿ ಇದ್ದಂತೆ ಕಾಣಲಿಲ್ಲ. ಮಂಚದ ಅಂಚಿನಲ್ಲಿ ಕೂತಳು.

“ನಾನು ಹೊಸ ಸೊಸೆ. ಬೆಳಗ್ಗೆ ಎದ್ದು ಹೆಂಟೆ ತರಕ್ಕೆ ಗುದ್ದಲಿ ತಗಂಡೆ. ಮಾವ ಬಂದು, ದಾರಿ ಹತ್ರ ಹೋಗ್ಬೇಡ ಕಣವ್ವ, ಹಿತ್ತಲಲ್ಲಿ ಅಗ್ದು ತಾ ಅಂದ್ರು. ಸಾಕಿದ ನಾಯಿ ಒಡೇರ್ನ ಕಚ್ಚಲ್ಲ, ಹಿತ್ತಲ ಮಣ್ಣು ಮನೆಯೋರ್ನ ತಿನ್ನಲ್ಲ ಅಂದ್ರು. ಅಗಿಯೋವಾಗ ಕೈ ನಡುಗಿ ಗುದ್ದಲಿ ಕಾವಿಗೆ ತಗುಲಿ ಬಳೆ ಒಡೀತು. ಮದುವೆ ಬಳೆ. ಒಂದು ಚೂರು ಹೆಂಟೆಯೊಳಗೆ ಕೂತ್ಬಿಟ್ಟಿತ್ತು. ಮಾವ ಹೊತ್ಕಂಡು ನಡೀವಾಗ ಬಿಸಿಲಿಗೆ ಅದು ಮಿಂಚಿದ್ದು ನಂಗೊಬ್ಳಿಗೇ ಕಾಣ್ತು.”

“ಭಾವಂಗೆ?”

“ಅವ್ರಿಗೇನೂ ಗೊತ್ತಿಲ್ಲ. ಅಪ್ಪ ದಿಟ ನಡ್ದ ಅಂತ್ಲೇ ನಂಬ್ಕಂಡವ್ರೆ. ಅದಕ್ಕೇ ಕಣೋ ಇಷ್ಟು ಸಿಟ್ಟು.” ಕೈಯಲ್ಲಿದ್ದ ಚೌಕವನ್ನು ಮಂಚದ ಮೇಲಿಟ್ಟಳು. “ನಾಳೆ ಹೆಂಟೆ ತರೋಳು ನಾನೇ. ದಾರಿ ಮಣ್ಣು ತಂದ್ರೆ ಅದು ನನ್ನ ಗಂಡನ್ನ ತಿನ್ತದೆ. ಹಿತ್ತಲ ಮಣ್ಣು ತಂದ್ರೆ ಆ ದನಗಳ ಶಾಪ ಇನ್ನೊಂದ್ಸಲ ನಂಗೇ. ಏನ್ ಮಾಡ್ಲೋ ಭೈರ?”

ಮಣ್ಣು ಯಾರನ್ನೂ ತಿನ್ನುವುದಿಲ್ಲ ಅಕ್ಕ, ಎನ್ನಬೇಕೆಂದಿದ್ದೆ. ಆದರೇನು, ನಾನೂ ಅದೇ ಸೀಮೆಯವನು. “ಭಾವಂಗೆ ಹೇಳ್ಬಿಡಕ್ಕ,” ಎಂದೆ. “ಅಪ್ಪನ್ನ ಸುಳ್ಳ ಅಂದ್ರೆ ಆ ಮನುಷ್ಯ ಕೇಳ್ತಾನೇನೋ?” ಎಂದವಳು ಕಣ್ಣೊರೆಸಿಕೊಂಡು, ಬಂದ ದಾರಿಯಲ್ಲೇ ಹೋದಳು. ಚೌಕ ಮಂಚದ ಮೇಲೇ ಉಳಿದಿತ್ತು.

ಸೋಮವಾರ ಕೆರೆಯ ಮೇಲೆ ತೆಳ್ಳಗೆ ಮಂಜು ಹಬ್ಬಿತ್ತು. ತಂತಿಯ ಆಚೆ ಹಟ್ಟಿಯವರು, ಅವರ ಹಿಂದೆ ದನಗಳು. ಮಂಜಿನಲ್ಲಿ ದನಗಳಿಗೆ ಕಾಲೇ ಇದ್ದಂತಿರಲಿಲ್ಲ, ತೇಲಿಕೊಂಡು ನಿಂತಿದ್ದವು. ದೇವರಾಜ ಕಡೂರಿನಿಂದ ಬಂದು ಫೋನು ಎತ್ತಿ ಹಿಡಿದಿದ್ದ. ಭಾವ ಕೆರೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ, ತಲೆಯ ಮೇಲೆ ಟವೆಲಿನ ಸಿಂಬಿ ಇಟ್ಟುಕೊಂಡು ನಿಂತ. ನನ್ನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದ. ನಾನು ಇದನ್ನು ಮೊದಲೇ ಕಂಡಿದ್ದೆ, ಕನಸಿನಲ್ಲಿ. ಎಚ್ಚರವಾಗಿಬಿಟ್ಟರೆ ಸಾಕು ಅನ್ನಿಸುತ್ತಿತ್ತು.

ಅಕ್ಕ ಮಂಕರಿ ಹೊತ್ತು ಬಂದಳು. ಇಳಿಸಿ ಬಟ್ಟೆ ಸರಿಸಿದಳು. ದೊಡ್ಡ ಹೆಂಟೆ, ಬಂಡಿಯ ಗಾಲಿ ಉರುಳಿ ಉರುಳಿ ಕಲ್ಲಾದ ಮಣ್ಣು, ಮೇಲೆ ಒಣ ಗರಿಕೆಯ ಬೇರು, ಒಣಗಿದ ಸಗಣಿ. ಅವಳು ದಾರಿಯ ಮಣ್ಣನ್ನೇ ತಂದಿದ್ದಳು.

ಭಾವ ತಲೆ ಬಗ್ಗಿಸಿದ. ಅಕ್ಕ ಹೆಂಟೆ ಎತ್ತಲಿಲ್ಲ. ಅವನ ತಲೆಯ ಮೇಲಿನ ಸಿಂಬಿಯನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಳು. ಆಮೇಲೆ ಕೂತು, ಹೆಂಟೆಯನ್ನು ಎರಡೂ ಕೈಯಲ್ಲಿ ತಲೆಗೇರಿಸಿ, ಒಂದೇ ಉಸಿರಿಗೆ ಎದ್ದು ನಿಂತಳು.

“ಏನೇ ಇದು?” ಎಂದ ಭಾವ.

“ಆವತ್ತು ತಂದೋಳು ನಾನು, ಇವತ್ತು ಹೊರೋಳೂ ನಾನೇ,” ಎಂದಳು ಎಲ್ಲರಿಗೂ ಕೇಳುವಂತೆ. “ಮಾವ ಹೊತ್ತಿದ್ದು ನಮ್ಮ ಹಿತ್ತಲ ಮಣ್ಣು. ಇದು ದಾರಿ ಮಣ್ಣು, ಈ ದಾರಿ ಕೆರೇದು. ಸುಳ್ಳಾದ್ರೆ ಈ ಮಣ್ಣು ನನ್ನ ತಿನ್ಲಿ. ನನ್ನ ಗಂಡನ್ನ ಮುಟ್ಟೋದು ಬೇಡ.”

ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಕ್ಕ ಗಡಿಯುದ್ದಕ್ಕೂ ನಡೆಯಲಿಲ್ಲ. ನೇರವಾಗಿ ಬಂಡಿದಾರಿಗೆ ಇಳಿದು, ಗಾಲಿಯ ಜಾಡಿನಲ್ಲಿ ಹೋಗಿ ತಂತಿಯ ಮುಂದೆ ನಿಂತಳು. ತಂತಿ ಅವಳ ಎದೆಮಟ್ಟಕ್ಕಿತ್ತು. ಹೆಂಟೆ ಹೊತ್ತವಳು ಬಗ್ಗುವ ಹಾಗಿಲ್ಲ, ಇಳಿಸುವ ಹಾಗೂ ಇಲ್ಲ. ಬಗ್ಗದೆ ದಾಟಲು ದಾರಿಯಿಲ್ಲ. ಸುಮ್ಮನೆ ನಿಂತಳು. ಒದ್ದೆ ಸಿಂಬಿಯಿಂದ ಕೆಸರು ನೀರು ಹಣೆಯ ಮೇಲೆ ಇಳಿಯುತ್ತಿತ್ತು. ನನ್ನ ಕಾಲು ಮುಂದೆ ಹೋಗಲು ನೋಡಿತು, ದೇವರಾಜ ತೋಳು ಹಿಡಿದ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಭಾವ ನಡೆದು ಬಂದ, ಎಡಭುಜ ಇಳಿಸಿಕೊಂಡೇ. ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಮೊನ್ನೆ ಮೊನ್ನೆ ನೆಟ್ಟದ್ದು, ಕಿತ್ತು ಬಂತು. ಇನ್ನೊಂದು ಗೂಟವನ್ನೂ ಕಿತ್ತ. ನೆಲಕ್ಕೆ ಬಿದ್ದ ತಂತಿಯನ್ನು ಬರಿಗಾಲಿನಲ್ಲೇ ಒತ್ತಿ ಹಿಡಿದು ನಿಂತ.

“ನಿಧಾನ ಕಣೇ,” ಎಂದ. “ಸೀರೆಗೆ ಸಿಕ್ಕೊಳ್ತದೆ.”

ಅಕ್ಕ ದಾಟಿದಳು. ಹಟ್ಟಿಯವರು ಅವಳಿಗೆ ದಾರಿ ಬಿಟ್ಟರು. ಅವಳು ಹೆಂಟೆಯನ್ನು ಜಾಡಿನ ಮೇಲೆ ಇಳಿಸಿದ ಮೇಲೆ ದನಗಳು ಒಂದೊಂದಾಗಿ, ಯಾರೂ ಹೊಡೆಯದೆ, ಕೆರೆಯ ಕಡೆ ಇಳಿದವು.

ಅವತ್ತು ಮಧ್ಯಾಹ್ನ ನನಗೆ ನಿದ್ದೆ ಬರಲಿಲ್ಲ. ಮೊಟ್ಟಮೊದಲ ಸಲ ಪೂರ್ತಿ ಎಚ್ಚರದಲ್ಲಿ ಬರೆದೆ. ಹೆಂಟೆ ಹೊತ್ತ ಹೆಂಗಸು, ತಂತಿ ತುಳಿದು ನಿಂತ ಗಂಡಸು, ಹಿಂದೆ ಕೆರೆ. ಬಳೆಯ ಮಾತು ಇನ್ನು ಯಾರಿಗೂ ನೆನಪಾಗದಿರಲಿ ಎಂದು ಅವಳ ಕೈಯನ್ನು ಬರಿದಾಗಿ ಬಿಟ್ಟೆ. ಕೆಳಗೆ ಬುಕ್ಕಾಂಬುಧಿ ಎಂದು ಊರಿನ ಹೆಸರು ಹಾಕಿದೆ, ಹದಿನೆಂಟು ವರ್ಷದಲ್ಲಿ ಹಾಕದೆ ಇದ್ದದ್ದು.

ಮರುದಿನ ಬೆಳಗ್ಗೆ ಮತ್ತೆ ಅದೇ ಬೈಕಿನ ಸದ್ದು. ಭಾವ ಕುಂಟುತ್ತ ಬಂದ, ಪಾದಕ್ಕೆ ಪಟ್ಟಿ ಕಟ್ಟಿತ್ತು. ಕೈಯಲ್ಲಿ ಪೇಪರಿತ್ತು, ಈ ಸಲ ಬಿಸಾಕಲಿಲ್ಲ. ಜಗುಲಿಯಲ್ಲಿ ಕೂತು ನನ್ನ ಮುಂದೆ ಹರವಿದ.

“ನಿಮ್ಮಕ್ಕನ ಕೈ ಬೋಳು ಬರ್ದಿದೀಯಲ್ಲೋ,” ಎಂದ. “ನಾನಿನ್ನೂ ಬದ್ಕಿದೀನಿ ಕಣೋ. ಬಳೆ ತೊಡ್ಸು.”

ನಾನು ಪೆನ್ನು ತಂದೆ. ಅವನು ಪೇಪರನ್ನು ಎರಡೂ ಕಡೆ ಅಲುಗದಂತೆ ಹಿಡಿದುಕೊಂಡ. ಒಂದೊಂದು ಕೈಗೆ ನಾಲ್ಕು ನಾಲ್ಕು ಬಳೆ ಬರೆದೆ.